ಹಿತ್ತಾಳೆಯ ಗೌಡರು

ವಿಜಾಪುರದ ಗುರುದೇವಿ ಲಂಡನ್ ಬಳಿಯ ಇಲ್ಫರ್ಡಿನ ಹಳೆಯ ಚರ್ಚೊಂದರಲ್ಲಿ ಗುಡಿಸಿ ಒರೆಸುವ ಕೆಲಸ ಹಿಡಿದದ್ದು ತೊಂಬತ್ಮೂರರಲ್ಲಿ. ಅಲ್ಲಿ ಗೋರಿಯೊಂದರ ಮೇಲೆ ನೆಲಕ್ಕೆ ಬೆಸೆದ ಹಿತ್ತಾಳೆ ತಗಡಿನಲ್ಲಿ ಕೊರೆದ ಚಿತ್ರವಾಗಿ ರಾಬರ್ಟ್ ಆಷ್‌ವೆಲ್ ಕೈಮುಗಿದು ಮಲಗಿದ್ದ. ಕಾಲ ಬಳಿ ಒಂದು ನಾಯಿ. ಪಾದ್ರಿ ಅವನ ಕಥೆ ಹೇಳಿದ್ದರು. ಆರುನೂರು ವರ್ಷದ ಹಿಂದೆ ಈ ಸೀಮೆಯ ಪರವಾಗಿ ಮೂರು ಸಲ ಕೆಸರುದಾರಿಯಲ್ಲಿ ಕುದುರೆಯೇರಿ ಪಾರ್ಲಿಮೆಂಟಿಗೆ ಹೋದ. ತಲೆಗಂದಾಯಕ್ಕೆ ಹೂಂ ಅಂದ. ಸಿಟ್ಟಿಗೆದ್ದ ಊರವರು ಅವನ ಕಣಜ ಸುಟ್ಟರು, ಮತ್ತೆ ಕಟ್ಟಿಸಿದ. ಆದರೆ ಪಾರ್ಲಿಮೆಂಟಿನಲ್ಲಿ ಅವನಾಡಿದ ಒಂದು ಮಾತನ್ನೂ ಯಾರೂ ಬರೆದಿಟ್ಟಿಲ್ಲ.

ಆ ಕೊನೆಯ ಸಂಗತಿ ಗುರುದೇವಿಯ ಮನಸ್ಸಿಗೆ ಹತ್ತಿತು. ಈ ಊರಲ್ಲಿ ಅವಳೂ ಮಾತಿಲ್ಲದವಳೇ. ಹಿರಿಯರ ಗದ್ದುಗೆಯ ಮುಂದೆ ಬಿಟ್ಟಂತೆ ಚಪ್ಪಲಿ ಬಿಟ್ಟು ಅವನ ಹತ್ತಿರ ಕೂರುವಳು. ಗೌಡ್ರೇ ಎಂದು ಕರೆದು ಮನೆಯ ಸುದ್ದಿ ಹೇಳುವಳು. ಬಣ್ಣದ ಗಾಜಿನ ಬೆಳಕು ಅವನ ಕೆನ್ನೆ ದಾಟುವಾಗ ದೂರದಲ್ಲೆಲ್ಲೋ ಗೊರಸಿನ ಸದ್ದು ಕೇಳಿದಂತಾಗುತ್ತಿತ್ತು.

ಆರು ವರ್ಷ ಹೀಗೇ ಕಳೆಯಿತು. ಒಂದು ಯುಗಾದಿಯ ಮುನ್ನಾದಿನ, ಮನೆಯ ತಂಬಿಗೆ ಬೆಳಗಿದ ಹುಣಸೆಹಣ್ಣು ಉಪ್ಪು ಮಿಕ್ಕಿತ್ತು. ಅದನ್ನೊಯ್ದು ಗೌಡರ ಮುಖ ತಿಕ್ಕಿದಳು. ಕಪ್ಪೆಲ್ಲ ಹೋಗಿ ಮುಖ ಬಂಗಾರವಾಯಿತು.

ಅದನ್ನು ಕಂಡ ಪಾದ್ರಿಯ ಮುಖ ಬಿಳಚಿತು. ಇದು ಕಾಗದ ಹಾಸಿ ಮೇಣದ ಬಣ್ಣ ಉಜ್ಜಿ ತಗಡಿನ ಚಿತ್ರದ ಪ್ರತಿ ತೆಗೆಯಲು ಬಂದಿದ್ದ ಶಾಲೆಯ ಮಕ್ಕಳ ಕೆಲಸ, ಇನ್ನು ಅವರನ್ನು ಒಳಗೆ ಬಿಡುವುದಿಲ್ಲ ಎಂದರು. ಗುರುದೇವಿ ಉಳಿದ ಹುಣಸೆಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ನಡೆದಳು.

ಮನೆಯಲ್ಲಿ ಗಂಡ ಕಲ್ಲಯ್ಯ ಕೇಳಿ ಹಣೆ ಒತ್ತಿಕೊಂಡ.

"ನಿಮ್ಮವ್ವನ ತಂಬಿಗಿ ಅಂತ ತಿಳಕೊಂಡೇನ? ಇಲ್ಲಿ ಹಳೇದಂದ್ರ ಕಪ್ಪಗ ಇರಬೇಕು."

"ಹಬ್ಬದಾಗ ಗೌಡ್ರು ಹೊಲಸ ಮಾರೀಲೆ ಮಲಗಬೇಕೇನ್ರಿ?"

"ಸುಮ್ಮಕಿರು. ಹೇಳಿದ್ರ ಚರ್ಚಿನ ಕೀಲಿಕೈ ಕಸಗೋತಾರ. ಆಮ್ಯಾಲ ನಿನ್ನ ಗೌಡ್ರೂ ಇಲ್ಲ, ಕೆಲಸಾನೂ ಇಲ್ಲ."

ಮರುದಿನ ಗುರುದೇವಿ ಕೀಲಿಕೈಯನ್ನು ಪಾದ್ರಿಯ ಮೇಜಿನ ಮೇಲಿಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಇಂಗ್ಲಿಷ್ ಬಾಯಿಗೆ ಬರಲಿಲ್ಲ. "ನಾನು ಮಾಡಿದೆ, ಮಕ್ಕಳಲ್ಲ" ಎಂಬಷ್ಟು ಮಾತ್ರ ಬಂತು.

ಆ ಕಪ್ಪು ಕೊಳೆಯಲ್ಲ, ಕಾಲವೇ ಹೊದಿಸಿದ ಹೊದಿಕೆ ಎಂದರು ಪಾದ್ರಿ. ಆಮೇಲೆ ಕೀಲಿಕೈ ಅವಳತ್ತ ಸರಿಸಿ, ತಗಡಿನ ಮೇಲೆ ದಪ್ಪ ಕಂಬಳಿ ಹಾಸಿದರು. ಇನ್ನು ಅದನ್ನು ಎತ್ತುವ ಹಾಗಿಲ್ಲ, ಸುತ್ತ ಗುಡಿಸಿದರೆ ಸಾಕು.

ಅವರು ಹೋದ ಮೇಲೆ ಗುರುದೇವಿ ಚಪ್ಪಲಿ ಬಿಟ್ಟು ಕಂಬಳಿಯ ಅಂಚಿನಲ್ಲಿ ಕೂತಳು.

"ಗೌಡ್ರೇ," ಎಂದಳು ಮೆಲ್ಲಗೆ, "ಇವತ್ತ ನಾ ಒಂದ ಮಾತ ಆಡೇನಿ. ನೀವರೆ ನೆನಪಿಟ್ಟಕೋರಿ."