ಟಾವೆಲ್ ಕೆಳಗೆ ಒತ್ತಿದ ಪಿನ್

ಬೈಲಹೊಂಗಲದ ನಮ್ಮ ಜವಳಿ ಅಂಗಡಿಗೆ ಕಾರ್ಡ್ ಮಷಿನ್ ಬಂದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಲಗ್ನದ ಜವಳಿಗೆಂದು ಧಾರವಾಡದ ಬಸ್ಸು ಹತ್ತುತ್ತಿದ್ದವರು ನಮ್ಮಲ್ಲಿ ಉಳಿದದ್ದೇ ಅದರಿಂದ. ಹಾಗಿರುವಾಗ, "ತಪಾಸಣೆಗೆ ಬರ್ತೇವಿ, ಗಿರಾಕಿಗಳ ಕಾರ್ಡಿನ ಗುಟ್ಟು ನಿಮ್ಮಲ್ಲಿ ರಟ್ಟಾಗೂದು ಕಂಡ್ರ ಮಷಿನ್ ವಾಪಸ್ ಒಯ್ತೇವಿ" ಎಂದು ಬ್ಯಾಂಕಿನವರು ಫೋನಿನಲ್ಲಿ ಹೇಳಿದಾಗ ಎದೆ ಧಸಕ್ಕೆಂದಿತು.

ಸೆರಗು ಕಟ್ಟಿ ತಯಾರಿಗೆ ನಿಂತೆ. ಮುನವಳ್ಳಿ ಕಡೆಯ ಗಿರಾಕಿಗಳು ಫೋನಿನಲ್ಲೇ ಸೀರೆ ಆರಿಸಿ, ಕಾರ್ಡಿನ ಹಿಂದು ಮುಂದಿನ ಫೋಟೊ ಕಳಿಸಿ, "ನೀವ ರೊಕ್ಕಾ ತಗೊಳ್ರಿ ಅಕ್ಕಾರ" ಅನ್ನುತ್ತಿದ್ದರು. ಆ ಫೋಟೊಗಳನ್ನೆಲ್ಲ ಅಳಿಸಿದೆ. ನಮ್ಮ ವೈಫೈ ಪಾಸ್‌ವರ್ಡ್ ಪಕ್ಕದ ಚಹಾದಂಗಡಿಯವರಿಗೂ ಗೊತ್ತಿತ್ತು, ಅಲ್ಲಿ ಚಹಾ ಕುಡಿಯುವವರಿಗೂ ಗೊತ್ತಿತ್ತು. ಅದನ್ನೂ ಬದಲಿಸಿದೆ. "ಯಾಕ್ರಿ, ನಾವೇನ್ ಕಳ್ಳರೇನ್ರಿ?" ಎಂದು ಅವರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ ಬಿಡಿ.

ಆದರೆ ಗಿರಾಕಿಯ ಬಾಯಿಗೆ ಬೀಗ ಹಾಕುವುದು ಹೇಗೆ? ನಮ್ಮ ಕಡೆ ಕಾರ್ಡ್ ಕೊಡುವವರು ಪಿನ್ನನ್ನೂ ಕೂಗಿಯೇ ಹೇಳುತ್ತಾರೆ. ಮುಚ್ಚಿಟ್ಟರೆ ಅಂಗಡಿಯವರನ್ನು ನಂಬಲಿಲ್ಲ ಎಂದಾಗುತ್ತದಲ್ಲ! ಅದರಲ್ಲೂ ದೊಡವಾಡದಿಂದ ಬರುವ ದನದ ವ್ಯಾಪಾರಿ ಕಾಕಾ ಗಾದಿಯ ಮೇಲೆ ಕೂತು ಪಿನ್ ಹೇಳಿದರೆ ರಸ್ತೆಗೆ ಕೇಳಿಸುತ್ತಿತ್ತು. ತಪಾಸಣೆ ಹತ್ತಿರ ಬಂದಾಗಲೂ ಹಾಗೇ ಕೂಗಿದರು. ನನ್ನ ಪಿತ್ತ ನೆತ್ತಿಗೇರಿತು.

"ಕಾಕಾರ, ದನದ ಪ್ಯಾಟ್ಯಾಗ ಎತ್ತಿನ ರೇಟ್ ಯಾರಿಗೂ ತಿಳೀಬಾರ್ದಂತ ಟಾವೆಲ್ ಕೆಳಗ ಬೆರಳು ಹಿಡಿದು ಹೇಳ್ತೀರಿ. ಇಲ್ಲಿ ನೋಡಿದ್ರ ನಿಮ್ಮ ರೊಕ್ಕದ ಕೀಲಿ ಊರಿಗೆಲ್ಲಾ ಡಂಗುರಾ ಹೊಡೀತೀರಲ್ರಿ! ನಿಮ್ಮ ಸಲುವಾಗಿ ನನ್ನ ಮಷಿನ್ ಹೋಗ್ತೈತಿ."

ಕಾಕಾ ಕಾರ್ಡ್ ಕಿಸೆಗೆ ಹಾಕಿಕೊಂಡು ಎದ್ದು ಹೋದರು. ಹೋದರೆ ಹೋಗಲಿ ಅಂದುಕೊಂಡೆ. ಆದರೆ ಅಂದು ಊಟ ರುಚಿಸಲಿಲ್ಲ.

ತಪಾಸಣೆಗೆ ಬಂದ ಹೆಣ್ಣುಮಗಳು ಫೋನು, ವೈಫೈ ಎಲ್ಲ ನೋಡಿ, "ಗಿರಾಕಿ ರೊಕ್ಕಾ ಕೊಡೂದನ್ನ ಒಮ್ಮೆ ನೋಡ್ತೇನ್ರಿ" ಎಂದು ಕುಳಿತಳು. ಬಂದ ಗಿರಾಕಿ ಯಾರು? ಅದೇ ಕಾಕಾ! ಮೊಮ್ಮಗಳ ಲಗ್ನದ ಸೀರೆಗೆ ಬಂದಿದ್ದರು. ಶಿವನೇ, ಇವತ್ತೇ ಬರಬೇಕಿತ್ತೇ?

ಸೀರೆ ಆರಿಸಿದರು. ಕಾರ್ಡ್ ಹಾಕಿ ಮಷಿನ್ ಅವರ ಮುಂದಿಟ್ಟೆ. ಕಾಕಾ ಬಾಯಿ ತೆರೆದರು.

"ಇಬ್ರೂ ಆ ಕಡೆ ಮುಖಾ ಮಾಡ್ರಿ."

ನಾವು ತಿರುಗಿದರೂ ಓರೆಗಣ್ಣಿಗೆ ಕಂಡಿತು. ಹೆಗಲ ಮೇಲಿನ ಟಾವೆಲ್ಲನ್ನು ಮಷಿನ್ ಮೇಲೆ ಹೊದಿಸಿ, ಅಂಚು ಎತ್ತಿ ಒಳಗೆ ಇಣುಕುತ್ತ, ಎತ್ತಿನ ಚೌಕಾಶಿಗೆ ಕೂತ ಗತ್ತಿನಲ್ಲೇ ಒಂದೊಂದಾಗಿ ಒತ್ತಿದರು. ಟಾವೆಲ್ ಕೆಳಗಿನಿಂದಲೇ ಚೀಟಿ ಹೊರಬಂತು.

ಆ ಹೆಣ್ಣುಮಗಳಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ಮುಚ್ಚಿ ಒತ್ತಿದವರನ್ನ ನಾ ಎಲ್ಲೂ ಕಂಡಿಲ್ರಿ. ಮಷಿನ್ ಇಲ್ಲೇ ಇರ್ಲಿ" ಅಂದಳು. ಅಬ್ಬಾ, ಹೋದ ಜೀವ ಬಂದಂತಾಯಿತು.

ಅವಳು ಹೋದ ಮೇಲೆ ಕಾಕಾಗೆ ಚಹಾ ತರಿಸಿದೆ. "ಅವತ್ತ ಸಿಟ್ಟಾಗಿ ಹೋದ್ರಿ, ಇನ್ನ ಬರೂದಿಲ್ಲ ಅಂದ್ಕೊಂಡಿದ್ದೆನ್ರಿ" ಎಂದೆ. ಕಣ್ಣು ತುಂಬಿ ಬಂದಿತ್ತು.

"ಸಿಟ್ಟು ಬಂದಿತ್ತವಾ," ಅಂದರು ಕಾಕಾ, ಟಾವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. "ಹಂಗಂತ ಮೊಮ್ಮಗಳ ಸೀರಿ ಬ್ಯಾರೆ ಅಂಗಡ್ಯಾಗ ತಗೊಳ್ಳಾಕ ಆಗ್ತೈತೇನು?"