ಊಟದ ಮೇಜಿನ ಮೇಲೊಂದು ಕತ್ತರಿ

ಟೈಲರಕ್ಕನ ಕತ್ತರಿಯನ್ನು ಅವಳಲ್ಲದೆ ಬೇರೆಯವರು ಮುಟ್ಟಿದ್ದು ಮೂವತ್ತೆಂಟು ವರ್ಷಗಳಲ್ಲಿ ಒಂದೇ ಸಲ. ತಮ್ಮ ಅದರಲ್ಲಿ ಪೇಪರು ಕತ್ತರಿಸಿದ್ದ. ಕಾಗದ ತಾಗಿದರೆ ಬಟ್ಟೆ ಕತ್ತರಿಯ ಹರಿತ ಹೋಗುತ್ತದೆ. ಅಕ್ಕ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ಆ ತಮ್ಮ ಈಗ ಇನ್ಶೂರೆನ್ಸ್ ಏಜೆಂಟು. ಯಾರಿಗೆ ಯಾವಾಗ ಏನು ಕೆಟ್ಟದಾಗಬಹುದು ಎಂದು ನಗುನಗುತ್ತಾ ವಿವರಿಸುವುದರಲ್ಲಿ ಎತ್ತಿದ ಕೈ.

ಈಚೆಗೆ ಅವನ ಕಣ್ಣು ಅಕ್ಕನ ಬಲಗೈ ಮೇಲೆ ಬಿದ್ದಿತ್ತು. ಟೀ ಲೋಟ ಎತ್ತುವಾಗ ಆ ಕೈ ನಡುಗುತ್ತಿತ್ತು. ಅಷ್ಟೇ ಸಾಕಾಯಿತು. ಅಕ್ಕ ಅಂಗಡಿ ಮುಚ್ಚಿ, ಮಷಿನ್ ಮಾರಿ, ತನ್ನ ಮನೆಯ ಹಿಂಬದಿ ಕೋಣೆಯಲ್ಲಿ ಆರಾಮಾಗಿ ಇರಬೇಕು ಎಂದು ಅವನೇ ತೀರ್ಮಾನಿಸಿಬಿಟ್ಟ. ಸದ್ಯ ಆ ಕೋಣೆಯಲ್ಲಿ ಆರಾಮಾಗಿದ್ದದ್ದು ಕೆಟ್ಟುಹೋದ ಒಂದು ಫ್ರಿಜ್ಜು.

ಅಂಗಡಿಯಲ್ಲಿ ಮಾತೆತ್ತಿದರೆ ಅಕ್ಕ ಮಷಿನ್ ಜೋರಾಗಿ ತುಳಿಯುತ್ತಾಳೆ, ಒಂದು ಮಾತೂ ಕೇಳಿಸದು. ಅದಕ್ಕೇ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದ. ಜಾಗ ಆರಿಸಿದ್ದು ಜೊತೆಗೆ ಬಂದಿದ್ದ ಅವನ ಮಗಳು: ಬಸ್ ನಿಲ್ದಾಣದ ಹಿಂದಿನ ಪುಟ್ಟ ಕೊರಿಯನ್ ಹೋಟೆಲು. ಆರೇ ಮೇಜು, ಗೋಡೆ ತುಂಬ ಗಿರಾಕಿಗಳು ಬರೆದು ಅಂಟಿಸಿದ ಚೀಟಿ, ಒಳಗೆ ಕಾಲಿಟ್ಟರೆ ಕನ್ನಡಕಕ್ಕೆ ಹಬೆ. ಅಕ್ಕ ಕೂತವಳೇ ಹೋಟೆಲಿನ ಯಜಮಾನಿಯ ಏಪ್ರನ್ ನೋಡಿ, "ಅಂಚು ಅವಸರದಲ್ಲಿ ಹೊಲ್ದಿದಾರೆ" ಎಂದು ಗೊಣಗಿದಳು.

ಕೇಳದಿದ್ದರೂ ಪುಟ್ಟ ಬಟ್ಟಲುಗಳಲ್ಲಿ ಸೊಪ್ಪು, ಮೊಳಕೆ, ಮೂಲಂಗಿ ಬಂದವು. ಕೆಂಪು ಸಾರಿನಲ್ಲಿ ಸೋಯಾ ಪನೀರಿನಂಥ ತೋಫು ಕುಣಿಯುತ್ತಿದ್ದ ಮಣ್ಣಿನ ಮಡಕೆ ಬಂತು. ಖಾರ ಹಚ್ಚಿ ಹುಳಿ ಬರಿಸಿದ ಎಲೆಕೋಸು, ಅದೇ ಕಿಮ್ಚಿ, ಅಂಗಿಯ ತೋಳಿನಷ್ಟು ಉದ್ದಕ್ಕೆ ತಟ್ಟೆಯಲ್ಲಿ ಮಲಗಿ ಬಂತು. ಅದರ ಪಕ್ಕ ಒಂದು ಕತ್ತರಿ.

"ಇದೇನೇ?"

"ಕತ್ತರಿ, ಅತ್ತೆ."

"ಕತ್ತರಿ ಅಂತ ನನಗೆ ಹೇಳ್ಕೊಡ್ತೀಯಾ? ಊಟಕ್ಕ್ಯಾಕೆ ಬಂತು ಅಂದೆ."

"ಇವ್ರು ಇದ್ರಲ್ಲೇ ಹೆಚ್ಚೋದು."

ತಮ್ಮ ಗಂಟಲು ಸರಿಮಾಡಿಕೊಂಡ. ಕೈಯಲ್ಲಿ ತಿನ್ನಲು ಕೊಟ್ಟ ಎರಡು ತೆಳು ಸ್ಟೀಲ್ ಕಡ್ಡಿ. "ಅಕ್ಕ, ಬೇಜಾರು ಮಾಡ್ಕೋಬೇಡ. ನಿನ್ನ ಕೈ ನಡುಗುತ್ತೆ. ನಾಳೆ ಸೂಜಿ ಬೆರಳಿಗೆ ಹೊಕ್ರೆ?" ಅಷ್ಟರಲ್ಲಿ ಅವನ ತೋಫು ಮೂರು ಸಲ ಜಾರಿತ್ತು. ನಾಲ್ಕನೆಯ ಸಲ ಬಿಳಿ ಶರ್ಟಿನ ಮೇಲೇ ಇಳಿಯಿತು.

"ಯಾರ ಕೈ ನಡುಗುತ್ತೆ ಅಂದೆ?"

"ಇದು ಕಡ್ಡಿ ಕಣಕ್ಕ. ನಂಗೆ ಅಭ್ಯಾಸ ಇಲ್ಲ."

"ನಂಗೆ ಲೋಟ ಅಭ್ಯಾಸ ಇಲ್ಲ ಅನ್ಕೋ."

ಅಷ್ಟರಲ್ಲಿ ಯಜಮಾನಿ ಬಂದು ಕಿಮ್ಚಿಗೆ ಕತ್ತರಿ ಹಾಕಿದಳು. ಎಲೆ ತುಂಡಾಗಲಿಲ್ಲ, ಜಗಿದಂತಾಯಿತು. ಅಕ್ಕನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಅಗೀತಿದೆ ಅದು! ಕೊಡಿ ಇಲ್ಲಿ." ಚಮಚದ ಹಿಡಿಯಿಂದ ತಿರುಪು ಬಿಗಿಮಾಡಿ, ಎಡಗೈಯಲ್ಲಿ ಎಲೆ ಹರಡಿ, ಬೆರಳಲ್ಲಿ ಅಳತೆ ಹಿಡಿದು, ಕತ್ತರಿ ಮೇಲೆತ್ತದೆ ಸರಸರನೆ ಸಾಗಿದಳು. ತಮ್ಮ ಬಗ್ಗಿ ಆ ಕೈಯನ್ನೇ ನೋಡಿದ. ಒಂಚೂರು ಅಲುಗಲಿಲ್ಲ. ನೂಲು ಹಿಡಿದು ಕತ್ತರಿಸಿದಂಥ ಪಟ್ಟಿಗಳು ಸಾಲಾಗಿ ಬಿದ್ದವು.

"ಅತ್ತೆ, ಸುತ್ತ ಅರ್ಧ ಇಂಚು ಯಾಕೆ ಬಿಟ್ಬಿಟ್ಟೆ?"

"ಹೊಲಿಗೆಗೆ ಬೇಡ್ವೇನೆ," ಎಂದಳು ಅಕ್ಕ. ಹೇಳಿದ ಮೇಲೆ ತಟ್ಟೆ ನೋಡಿದಳು. ತಮ್ಮನ ಮಗಳು ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಳು. ಅಕ್ಕನೂ ನಕ್ಕಳು, ಆದರೆ ಕತ್ತರಿ ಕೆಳಗಿಡಲಿಲ್ಲ.

"ಇದಕ್ಕೆ ಸಾಣೆ ಬೇಕು," ಎಂದಳು ಯಜಮಾನಿಗೆ. "ನಾಳೆ ತಂದ್ಕೊಡಿ. ಸಿಗ್ನಲ್ ಪಕ್ಕ ಹಸಿರು ಬಾಗಿಲು. ಗುರುವಾರ ಬಂದು ತಗೊಂಡ್ಹೋಗಿ."

"ಅಕ್ಕ, ಅಂಗಡಿ ವಿಷಯ..."

"ತೆಗೆದಿರುತ್ತೆ." ಉತ್ತರ ಯಜಮಾನಿಗೆ, ನೋಟ ತಮ್ಮನಿಗೆ. "ಮುಂದಿನ ವಾರಾನೂ ತೆಗೆದಿರುತ್ತೆ."

ಆಮೇಲೆ ಟೀ ಲೋಟ ಎತ್ತಿದಳು. ಕೈ ನಡುಗಿ ಎರಡು ಹನಿ ಮೇಜಿಗೆ ಚೆಲ್ಲಿತು. ಇನ್ನೊಂದು ಕೈ ಅಡ್ಡ ಹಿಡಿದು ಮರೆಸುವ ಗೋಜಿಗೆ ಹೋಗಲಿಲ್ಲ. ತಮ್ಮನಿಗೆ ಚೆನ್ನಾಗಿ ಕಾಣುವ ಹಾಗೆಯೇ ನಿಧಾನವಾಗಿ ಕುಡಿದು ಮುಗಿಸಿದಳು.

"ಆ ಶರ್ಟೂ ತಂದ್ಕೊಡು," ಎಂದಳು. "ಕಲೆ ಹೋಗಲ್ಲ. ಮೇಲೊಂದು ಜೇಬು ಹಾಕಿಕೊಡ್ತೀನಿ."