ರಾಯಾಪುರದಲ್ಲಿ ಕೆಟ್ಟು ನಿಂತ ಬಸ್ಸು ಮತ್ತು ನನ್ನ ಕಿವಿ

೧೯೬೪ರ ನವೆಂಬರ್ ತಿಂಗಳಿನ ಒಂದು ರವಿವಾರ ಬೆಳಿಗ್ಗೆ, ನಾನು ಕೊಟ್ಟ ಒಂದು ಆಜ್ಞೆಯಿಂದ ನನ್ನದೇ ವಿದ್ಯಾರ್ಥಿಯೊಬ್ಬನ ಪ್ರಾಣ ಹೋಗುವುದರಲ್ಲಿತ್ತು. ಹೋಗಲಿಲ್ಲ. ಏಕೆ ಹೋಗಲಿಲ್ಲ, ಮುಂದಿನ ನಾಲ್ಕು ತಿಂಗಳಲ್ಲಿ ಹನುಮಂತದೇವರು ನನ್ನನ್ನು ಹೇಗೆ ಕಾಯ್ದನು ಎಂಬುದನ್ನು ಕೂಡಿಸದೆ, ಕಳೆಯದೆ ಭಕ್ತಬಂಧುಗಳ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಸುಳ್ಳ ಗ್ರಾಮದವನು. ತಂದೆಯವರು ಹುಬ್ಬಳ್ಳಿಯ ಹತ್ತಿ ಬಿಡಿಸುವ ಜಿನ್ನಿನಲ್ಲಿ ಹಮಾಲಿ ಮಾಡಿ ನನ್ನನ್ನು ಓದಿಸಿದರು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗನಾದ ಕಾರಣ, ಬರವಣಿಗೆಯಲ್ಲಿ ದೋಷ ಕಂಡರೆ ಬಲ್ಲವರು ಮನ್ನಿಸಬೇಕು. ೧೯೫೭ರಲ್ಲಿ ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿ ಸೇರಿದೆ. ತಿಂಗಳೊಳಗೆ ಪ್ರಾಚಾರ್ಯರು ಕರೆದು ರೈಫಲ್ ತಂಡದ ಹೊಣೆಯನ್ನು ಒಪ್ಪಿಸಿದರು. ನಾನು ಬಂದೂಕನ್ನು ಮುಟ್ಟಿದವನೇ ಅಲ್ಲವೆಂದು ಬಿನ್ನವಿಸಿಕೊಂಡೆ.

“ಕೈ ನಡಗೂದಿಲ್ಲಲ್ಲ ನಿಮ್ಮದು?” ಎಂದರು ಅವರು. “ಅಷ್ಟಿದ್ರ ಸಾಕು. ಉಳದದ್ದು ಹುಡುಗ್ರು ಕಲಸ್ತಾರ.”

ಹಾಗೆಯೇ ಆಯಿತು. ಹುಡುಗರೊಂದಿಗೆ ನೆಲದ ಮೇಲೆ ಮಲಗಿ, ಉಸಿರು ಹಿಡಿದು, ಗುರಿ ಇಡುವುದನ್ನು ಕಲಿತೆ; ಆಮೇಲೆ ಕಲಿಸಿದೆ. ನಾಲ್ಕೈದು ವರ್ಷಗಳಲ್ಲಿ ನಮ್ಮ ತಂಡವು ಅಂತರ ಕಾಲೇಜು ಪಂದ್ಯಗಳಲ್ಲಿ ಹೆಸರು ಮಾಡಿತು. ಅದೇ ಅವಧಿಯಲ್ಲಿ ನನ್ನ ಕಿವಿಗಳು ಮಂದವಾಗುತ್ತ ಬಂದವು. ತಂಡ ಕೈತಪ್ಪುವುದೆಂಬ ಅಂಜಿಕೆಯಿಂದ ಅದನ್ನು ಯಾರಿಗೂ ಹೇಳಲಿಲ್ಲ. ತರಗತಿಯಲ್ಲಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕೆಂದು ನಿಯಮ ಮಾಡಿದೆ. ಶಿಸ್ತಿನ ಮನುಷ್ಯನೆಂದು ಜನ ಹೊಗಳಿದರು. ಮನೆಯವರು ಮಾತ್ರ ಹೊಗಳಲಿಲ್ಲ. “ಗ್ವಾಡಿ ಕೂಡ ಮಾತಾಡಿದ್ರ ತಿರುಗಿ ದನಿಯಾರ ಬರತೈತಿ, ನಿಮ್ಮ ಕೂಡ ಮಾತಾಡಿದ್ರ ಅದೂ ಇಲ್ಲ” ಎನ್ನುತ್ತಿದ್ದರು. ನಾನು ಪುಸ್ತಕದಲ್ಲಿ ಮಗ್ನನಾದಂತೆ ನಟಿಸುತ್ತಿದ್ದೆ.

ಇನ್ನು ಆ ರವಿವಾರದ ಸಂಗತಿ. ಕಾಲೇಜಿನ ಹಿಂದಿನ ಮಣ್ಣಿನ ದಿಬ್ಬದ ಎದುರು ಅಭ್ಯಾಸ ನಡೆದಿತ್ತು. ಗುರಿಹಲಗೆಯ ಕಾಗದ ಬದಲಿಸಲು ಇಬ್ಬರು ಹೋಗಿದ್ದರು. ಒಬ್ಬನು ಮರಳಿದ್ದನ್ನು ಕಂಡು ಇಬ್ಬರೂ ಬಂದರೆಂದು ತಿಳಿದೆ. ಇನ್ನೊಬ್ಬನು ಹಲಗೆಯ ಹಿಂದೆ ಬಗ್ಗಿದ್ದನು. “ತಡೀರಿ ಸರ್, ಇನ್ನೂ ಇಲ್ಲೇ ಅದೇನಿ” ಎಂದು ಅವನು ಕೂಗಿದ್ದು ನನಗೆ ಕೇಳಿಸಲಿಲ್ಲ. ನಾನು “ಫೈರ್” ಎಂದೆ.

ನನ್ನ ಬಲಗಡೆ ನಿಂತಿದ್ದ ತಂಡದ ನಾಯಕ, ಉಪ್ಪಿನಬೆಟಗೇರಿಯ ಈರಣ್ಣನು, “ಯಾರೂ ಹೊಡೀಬ್ಯಾಡ್ರಿ!” ಎಂದು ಚೀರುತ್ತ ರೈಫಲುಗಳ ಮುಂದೆಯೇ ಜಿಗಿದನು. ಒಂದು ಗುಂಡೂ ಹಾರಲಿಲ್ಲ.

“ಸರ್, ಅಂವಾ ಎರಡು ಸಲ ಕೂಗಿದ್ನರಿ” ಎಂದನು ಈರಣ್ಣ.

“ಗಾಳಿ ಭಾಳ ಇತ್ತು” ಎಂದೆ. ಗಾಳಿ ಇರಲಿಲ್ಲ. ಗುರುವಾದವನು ಶಿಷ್ಯರ ಮುಂದೆ ಆಡಿದ ಆ ಸುಳ್ಳು ನನ್ನನ್ನು ಗುಂಡಿಗಿಂತ ಆಳವಾಗಿ ಹೊಕ್ಕಿತು. ಅಂದಿನಿಂದ ಕಾಗದದ ಕೆಲಸಗಳ ನೆಪ ಹೇಳಿ, ಫೈರಿಂಗ್ ಆಜ್ಞೆಗಳನ್ನು ಈರಣ್ಣನಿಗೇ ಒಪ್ಪಿಸಿದೆ.

ಜನವರಿಯಲ್ಲಿ ಮೇಲಿನ ಕಚೇರಿಯಿಂದ ಪತ್ರವೊಂದು ಬಂದಿತು. ಫೈರಿಂಗ್ ನಡೆಸುವ ಎಲ್ಲ ಶಿಕ್ಷಕರೂ ಮಾರ್ಚಿನಲ್ಲಿ ಬೆಳಗಾವಿಗೆ ಹೋಗಿ ಕಣ್ಣು, ಕಿವಿಗಳ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಅದರಲ್ಲಿತ್ತು. ಸುಳ್ಳದ ಹನುಮಂತದೇವರಿಗೆ ಹನ್ನೊಂದು ಶನಿವಾರ ಗುಡಿಗೆ ಬಂದು ನಡೆದುಕೊಳ್ಳುವುದಾಗಿ ಹರಕೆ ಹೊತ್ತೆ. “ಕಿವಿ ಕೊಡು, ಇಲ್ಲವೆ ತಂಡವನ್ನು ಬಿಡುವ ಧೈರ್ಯ ಕೊಡು” ಎಂದು ಬೇಡಿಕೊಂಡೆ. ಎಂಟು ಶನಿವಾರ ಕಳೆದರೂ ಏನೂ ಆಗಲಿಲ್ಲ. ಒಂಬತ್ತನೆಯ ಶನಿವಾರ, ತಪಾಸಣೆಗೆ ಮೂರೇ ದಿನಗಳಿದ್ದಾಗ, ತಂಡದ ಹೊಣೆಗೆ ರಾಜೀನಾಮೆ ಬರೆದು ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ. ದೇವರ ಪಾದಕ್ಕೆ ಮುಟ್ಟಿಸಿ, ಸೋಮವಾರ ಪ್ರಾಚಾರ್ಯರಿಗೆ ಕೊಡುವುದೆಂದು ನಿಶ್ಚಯಿಸಿದ್ದೆ.

ದಾರಿಯಲ್ಲಿ ಕಣ್ಣು ಮುಚ್ಚಿ ನಾಮಸ್ಮರಣೆ ಮಾಡುತ್ತಿದ್ದೆ. ಕಣ್ಣು ತೆರೆದಾಗ ಬಸ್ಸು ರಾಯಾಪುರದಲ್ಲಿ ನಿಂತಿತ್ತು, ಒಳಗೆ ನಾನೊಬ್ಬನೇ. ಕೆಳಗೆ ನಿಂತ ಜನರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ವಯಸ್ಸಾದ ನರ್ಸಬಾಯಿಯೊಬ್ಬರು ಮತ್ತೆ ಮೇಲೆ ಹತ್ತಿ ಬಂದು, ನನ್ನ ಭುಜ ತಟ್ಟಿ, ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು:

“ಏನ್ರಿ ಸಾಹೇಬ್ರ, ಗಾಡಿ ಕೆಟ್ಟೈತಿ, ಇಳೀರಿ ಅಂತ ಕಂಡಕ್ಟರ್ ಗಂಟಲಾ ಹರಕೊಳ್ಳಾಕತ್ತಾನ. ಕಿವಿ ಕೇಳಂಗಿಲ್ಲೇನ್ರಿ?”

ಹೆಂಡತಿಗೂ ಹೇಳದ ಮಾತು ಬಾಯಿಂದ ಹೊರಬಿದ್ದಿತು. “ಇಲ್ರಿ ಬಾಯಾರ, ನನಗ ಕಿವಿ ಕೇಳಂಗಿಲ್ಲ.” ಹೇಳುತ್ತಲೇ ಕಣ್ಣುಗಳು ತುಂಬಿ ಬಂದವು.

“ಅದಕ್ಯಾಕ ಅಳತೀರಿ? ನಾ ಇರೂದ ಹುಬ್ಬಳ್ಳಿ ದವಾಖಾನಿ ಕಿವಿ ವಾರ್ಡಿನ್ಯಾಗ. ಯಾರಿಗೆ ತೋರಿಸೀರಿ?”

“ಹನುಮಪ್ಪಗ ಹೇಳೇನ್ರಿ.”

“ಛಲೋ ಆತು. ಈಗ ಡಾಕ್ಟರಿಗೂ ಹೇಳೂಣು, ಬರ್ರಿ.”

ಹಿಂದಿನಿಂದ ಬಂದ ಬಸ್ಸಿನಲ್ಲಿ ಕೈ ಹಿಡಿದು ಕೂಡ್ರಿಸಿ ಅವರೇ ಕರೆದೊಯ್ದರು. ಡಾಕ್ಟರರು ದೀಪ ಹಿಡಿದು ನೋಡಿ, ಕಿವಿಯಲ್ಲಿ ಏನು ಹಾಕಿಕೊಳ್ಳುತ್ತೀರೆಂದು ಕೇಳಿದರು. ಗುಂಡಿನ ಸದ್ದು ತಾಗಬಾರದೆಂದು ನಮ್ಮ ಅವ್ವ ಹೇಳಿಕೊಟ್ಟಂತೆ, ಏಳು ವರ್ಷಗಳಿಂದ ಔಡಲೆಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ತುರುಕಿಕೊಂಡು, ಸಂಜೆ ಕಡ್ಡಿಯಿಂದ ತೆಗೆಯುತ್ತಿದ್ದೆ. ಪೂರ್ತಿ ಬರುತ್ತಿತ್ತೆಂದೇ ನನ್ನ ತಿಳಿವಳಿಕೆ. ಅವರು ಬಿಸಿನೀರಿನ ಪಿಚಕಾರಿ ಹಿಡಿದು, ಚಿಮುಟದಿಂದ ಕರ್ರಗಿನ ಗಟ್ಟಿ ಉಂಡೆಗಳನ್ನು ಒಂದೊಂದಾಗಿ ತೆಗೆದು ತಟ್ಟೆಯಲ್ಲಿ ಇಟ್ಟರು.

“ಮಾಸ್ತರ, ಇದರಾಗ ಕೂಸಿಗೆ ಒಂದು ದಿಂಬ ಆಗತಿತ್ತಲ್ರಿ!”

ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಅದರ ಹಿಂದೆ ನರ್ಸಬಾಯಿಯವರ ನಗೆಯೂ, ಹೊರಗೆ ಟಾಂಗಾದ ಕುದುರೆಯ ಗೊರಸಿನ ಸಪ್ಪಳವೂ ಕೇಳಿಸಿದವು. ಎಡಗಿವಿಯನ್ನು ಗುಂಡಿನ ಸದ್ದು ಸ್ವಲ್ಪ ತಿಂದಿದೆ, ಅದು ಮರಳಲಾರದು, ಬಲಗಿವಿ ಪೂರ್ಣ ನೆಟ್ಟಗಿದೆ ಎಂದರು ಡಾಕ್ಟರರು. ಔಷಧ ಬರೆಯಲು ಕಾಗದ ಕೇಳಿದಾಗ ನನ್ನ ಕಿಸೆಯಲ್ಲಿದ್ದುದು ಒಂದೇ ಕಾಗದ. ಅದರ ಬೆನ್ನಿಗೆ ಬರೆದು ಕೊಟ್ಟರು. ಸುಳ್ಳ ಮುಟ್ಟಿದಾಗ ಗುಡಿಯ ಬಾಗಿಲು ಹಾಕಿತ್ತು; ಹೊರಗಿನಿಂದಲೇ ಕೈ ಮುಗಿದು ಬಂದೆ.

ಮಂಗಳವಾರ ಬೆಳಗಾವಿಯಲ್ಲಿ, ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ ಮಾತುಗಳನ್ನು ತಿರುಗಿ ಹೇಳಿದೆ. ಎಡಗಿವಿಯ ಕೊರತೆಯನ್ನು ನಾನಾಗಿಯೇ ತಿಳಿಸಿದೆ. ಫೈರಿಂಗ್ ವೇಳೆಯಲ್ಲಿ ಬಲಗಡೆ ಒಬ್ಬ ಸಹಾಯಕನಿರಬೇಕೆಂಬ ಷರತ್ತಿನೊಂದಿಗೆ ಅನುಮತಿ ದೊರೆಯಿತು.

ಧಾರವಾಡಕ್ಕೆ ಬಂದು ತಂಡವನ್ನು ಕೂಡಿಸಿ, ಆ ದಿನ ಗಾಳಿ ಇರಲಿಲ್ಲವೆಂದು ಒಪ್ಪಿಕೊಂಡೆ. ಹುಡುಗರು ನೆಲ ನೋಡಿದರು.

“ನಮಗ ಗೊತ್ತಿತ್ರಿ ಸರ್,” ಎಂದನು ಈರಣ್ಣ. “ಅದಕ್ಕ ಎರಡು ವರ್ಷದಿಂದ ಪಾಳಿ ಹಚ್ಚಿ ಒಬ್ಬೊಬ್ರು ನಿಮ್ಮ ಬಲಕ್ಕ ನಿಂದರತಿದ್ವಿ.”

ಷರತ್ತು ಬರುವ ಮೊದಲೇ ದೇವರು ಅದನ್ನು ನಡೆಸಿದ್ದನು. ನಾನು ಹರಕೆ ಹೊರುವುದಕ್ಕಿಂತ ಮುಂಚೆಯೇ ನನ್ನ ಪಕ್ಕದಲ್ಲಿ ಕಿವಿಯೊಂದನ್ನು ನಿಲ್ಲಿಸಿದ್ದನು.

ಹತ್ತನೆಯ ಶನಿವಾರ ಸುಳ್ಳದ ಗುಡಿಯಲ್ಲಿ ಮಂಗಳಾರತಿಯಾದ ಮೇಲೆ ವೃದ್ಧ ಪೂಜಾರಿಗಳು ಎಂದಿನ ಮೆಲುದನಿಯಲ್ಲಿ, “ಮತ್ತ ಗಂಟಿ ಯಾವಾಗ ತರತೀರಿ, ಮಾಸ್ತರ?” ಎಂದರು.

“ಯಾವ ಗಂಟಿ, ಅಜ್ಜಾ?”

“ನೋಡ್ರಿ ಇವರನ್ನ! ಮೂರು ವರ್ಷ ಆತು, ಗುಡಿ ಗಂಟಿ ಸೀಳೈತಿ, ಒಂದ ಕೊಡಸ್ರಿ ಅಂತ ಬಂದಾಗೊಮ್ಮೆ ಕೇಳತೇನಿ. ನೀವು ಕೈ ಮುಗದು ಹೂಂ ಅಂತ ಗೋಣು ಹಾಕತೀರಿ. ದೇವರ ಮುಂದ ಹಾಕಿದ ಗೋಣದು!”

ಇಷ್ಟು ವರ್ಷ ಅದನ್ನು ಮಂತ್ರವೆಂದು ತಿಳಿದು ತಲೆಬಾಗುತ್ತಿದ್ದೆ. ಹನ್ನೊಂದು ಶನಿವಾರದ ಹರಕೆ ಮುಗಿಸಿ, ಯುಗಾದಿಗೆ ಕಂಚಿನ ಗಂಟೆ ತಂದು ಕಟ್ಟಿಸಿದೆ. ಇಂದು ೧೯೬೯, ತಂಡ ಇನ್ನೂ ನನ್ನ ಕೈಯಲ್ಲಿದೆ, ನನ್ನ ಬಲಕ್ಕೆ ಯಾವಾಗಲೂ ಒಬ್ಬನಿರುತ್ತಾನೆ. ಸಂಕಟವನ್ನು ದೇವರಿಗೆ ಹೇಳಿರಿ. ಅವನು ಯಾರನ್ನಾದರೂ ಬಸ್ಸು ಹತ್ತಿಸಿ ನಿಮ್ಮ ಹತ್ತಿರ ಕಳಿಸಿದರೆ, ಅವರಿಗೂ ಹೇಳಿರಿ. ಸುಳ್ಳಕ್ಕೆ ಹೋದಾಗಲೆಲ್ಲ ಆ ಗಂಟೆಯನ್ನು ನಾನೇ ಬಾರಿಸುತ್ತೇನೆ. ಎಡಗಿವಿಗೆ ಅದು ದೂರದಿಂದ ಬಂದಂತಿರುತ್ತದೆ, ಬಲಗಿವಿಗೆ ತುಂಬಿ ಬರುತ್ತದೆ. ನಾದ ಪೂರ್ತಿ ಅಡಗುವವರೆಗೆ ನಿಂತು, ಆಮೇಲೆ ಕೈ ಮುಗಿಯುತ್ತೇನೆ.